ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷವನ್ನು ಅಣಬೆ ಒಡೆಯಬಲ್ಲದೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಕೊಯ್ಲಿನ ಹೊತ್ತಿಗೆ ಸುರಿದ ಮಳೆಗೆ ಕಣದಲ್ಲಿದ್ದ ಮೂವತ್ತು ಕ್ವಿಂಟಲ್ ಮೆಕ್ಕೆಜೋಳ ನೆನೆದು ಹಸಿರು, ಕಪ್ಪು ಬೂಷ್ಟು ಹಿಡಿದಿದೆ. ವ್ಯಾಪಾರಿಗಳು ಬೇಡವೆನ್ನುತ್ತಿದ್ದಾರೆ. ಮನೆಯಲ್ಲಿ ಕರೆಯುವ ಹಸುಗಳಿವೆ, ಡೇರಿಗೆ ಹಾಲು ಹಾಕುತ್ತೇವೆ. ನನ್ನ ಹೆಂಡತಿ ಸ್ತ್ರೀಶಕ್ತಿ ಸಂಘದ ಮೂಲಕ ಚಿಪ್ಪು ಅಣಬೆ ಬೆಳೆಯುತ್ತಾಳೆ. ಬೂಷ್ಟಿನ ವಿಷವನ್ನು ಅಣಬೆ ಒಡೆಯುತ್ತದೆ ಎಂದು ಓದಿದೆ. ಈ ಕಾಳಿಗೆ ಅಣಬೆ ಬೀಜ ಬೆರೆಸಿ, ವಿಷ ಹೋದ ಮೇಲೆ ಹಸುಗಳಿಗೆ ಹಾಕಬಹುದೇ? ಅಣಬೆ ಕೊಯ್ದ ಮೇಲೆ ಉಳಿಯುವ ಹುಲ್ಲನ್ನು ಮೇವಾಗಿ ಕೊಡಬಹುದೇ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೂ ಆ ಕಾಳಿಗೆ ಅಣಬೆ ಬೀಜ ಬೆರೆಸಬೇಡಿ. ಈಗಾಗಲೇ ಅದನ್ನು ನುಚ್ಚು ಮಾಡಿ ಹಸುಗಳಿಗೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಹಾಗೆ ಏಕೆ ಹೇಳುತ್ತಿದ್ದೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಏಕೆಂದರೆ ಮಳೆ ಸ್ವಲ್ಪ ಹೆಚ್ಚುಕಡಿಮೆಯಾದ ವರ್ಷಗಳಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ನೂರಾರು ಮನೆಗಳಲ್ಲಿ ಇದೇ ಸಂಕಟ ಎದುರಾಗುತ್ತದೆ.

ನೆನೆದ ಕಾಳಿನ ಮೇಲೆ ಕಾಣುವ ಹಳದಿ ಬೆರೆತ ಹಸಿರು ಪುಡಿ ಬಹುಮಟ್ಟಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಅದು ಉತ್ಪಾದಿಸುವ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯನ್ನು ಪರೀಕ್ಷಿಸುತ್ತಾ ಹೋಗಿ ಈ ವಿಷವನ್ನು ಗುರುತಿಸಿದರು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು 106 ಮಂದಿ ಯಕೃತ್ತು ಕೆಟ್ಟು ತೀರಿಕೊಂಡರು. ಆ ಹಳ್ಳಿಗಳ ಸಾಕುನಾಯಿಗಳಿಗೂ ಅದೇ ಗತಿಯಾಯಿತು. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಹಲವು ಹಳ್ಳಿಗಳಲ್ಲಿ ಅಕಾಲದ ಮಳೆಗೆ ಸಿಕ್ಕಿದ ಜೋಳ, ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತು. ಅಲ್ಲಿ ಪತ್ತೆಯಾದದ್ದು ಬೇರೆ ವಿಷ: ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಫ್ಯುಮೋನಿಸಿನ್. ಒಂದೇ ರಾಶಿಯಲ್ಲಿ ಈ ಎರಡೂ ಇರಬಹುದು. ಈ ಮಾತು ಮುಂದೆ ಬೇಕಾಗುತ್ತದೆ.

ಹಸುವಿನ ವಿಷಯಕ್ಕೆ ಬರೋಣ. ಬೆಳೆದ ಹಸು ಅಫ್ಲಾಟಾಕ್ಸಿನ್ ತಿಂದ ತಕ್ಷಣ ಬೀಳುವುದಿಲ್ಲ. ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಸುತ್ತದೆ, ಕೆಚ್ಚಲುಬಾವು ಮತ್ತೆ ಮತ್ತೆ ಬರುತ್ತದೆ. ಇವೆಲ್ಲಕ್ಕೂ ನಾವು ಬೇರೆ ಬೇರೆ ಕಾರಣ ಹುಡುಕುತ್ತಾ ಇರುತ್ತೇವೆ. ಅದೇ ಹೊತ್ತಿಗೆ ತಿಂದ ವಿಷದ ಒಂದು ಪಾಲು ಹಸುವಿನ ಯಕೃತ್ತಿನಲ್ಲಿ ರೂಪ ಬದಲಿಸಿ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಈ ಪಾಲು ಸಾಮಾನ್ಯವಾಗಿ ಶೇ 1ರಿಂದ 6ರವರೆಗೆ ಇರುತ್ತದೆ. ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಹೆಚ್ಚು. ಒಂದು ಲೆಕ್ಕ ಹಾಕಿ ನೋಡಿ. ಕಾಳಿನಲ್ಲಿ ಕೆಜಿಗೆ 200 ಮೈಕ್ರೋಗ್ರಾಂ, ಅಂದರೆ 200 ಪಿಪಿಬಿ ವಿಷವಿದೆ ಎಂದುಕೊಳ್ಳೋಣ. ಬೂಷ್ಟು ಕಣ್ಣಿಗೆ ಕಾಣುವಷ್ಟು ಇರುವ ರಾಶಿಯಲ್ಲಿ ಇದು ಅಸಾಧ್ಯವಾದ ಪ್ರಮಾಣವೇನಲ್ಲ. ದಿನಕ್ಕೆ ಮೂರು ಕೆಜಿ ತಿಂದ ಹಸುವಿನ ಹೊಟ್ಟೆಗೆ 600 ಮೈಕ್ರೋಗ್ರಾಂ ಹೋಯಿತು. ಶೇ 2ರಷ್ಟು ಹಾಲಿಗೆ ಬಂದರೆ 12 ಮೈಕ್ರೋಗ್ರಾಂ. ಹಸು ಹತ್ತು ಲೀಟರ್ ಕರೆದರೆ ಲೀಟರಿಗೆ 1.2 ಮೈಕ್ರೋಗ್ರಾಂ. ಹಾಲಿನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಾಲನ್ನು ಕಾಯಿಸಿದರೂ ಇದು ಹೋಗುವುದಿಲ್ಲ. ಹಾಲಿನ ಕೇಸಿನ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರು ಮಾಡಿದರೆ ಅದರಲ್ಲಿ ಇನ್ನಷ್ಟು ದಟ್ಟವಾಗುತ್ತದೆ. ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳು.

ಸಮಾಧಾನದ ಸಂಗತಿಯೂ ಇದೆ. ಕೆಟ್ಟ ಕಾಳನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲಿನಿಂದ ಈ ವಿಷ ಬಹುತೇಕ ಮಾಯವಾಗುತ್ತದೆ.

ಈಗ ಅಣಬೆಗೆ ಬರುತ್ತೇನೆ. ಚಿಪ್ಪು ಅಣಬೆ ಕಾಡಿನಲ್ಲಿ ಸತ್ತ ಮರದ ಮೇಲೆ ಬದುಕುವ ಜೀವಿ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುವ ಶಕ್ತಿ ಇಡೀ ಜೀವಲೋಕದಲ್ಲಿ ಕೆಲವಕ್ಕೆ ಮಾತ್ರ ಇದೆ. ಅವುಗಳಲ್ಲಿ ಈ ಬಗೆಯ ಅಣಬೆಗಳು ಮುಂದಿವೆ. ಲಿಗ್ನಿನ್ನಿನ ರಚನೆಗೆ ಒಂದು ನಿಯತ ಕ್ರಮವಿಲ್ಲ. ಹಾಗಾಗಿ ಅದನ್ನು ಒಡೆಯುವ ಕಿಣ್ವಗಳೂ ಒಂದೇ ಅಣುವಿಗೆ ಹೊಂದಿಕೊಂಡವುಗಳಲ್ಲ. ಲ್ಯಾಕೇಸ್ ಎಂಬ ಕಿಣ್ವ ತಾಮ್ರದ ಸಹಾಯದಿಂದ ಎದುರಿಗೆ ಸಿಕ್ಕ ಉಂಗುರಾಕಾರದ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಆಮ್ಲಜನಕಕ್ಕೆ ದಾಟಿಸುತ್ತದೆ. ಮ್ಯಾಂಗನೀಸ್ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಅದೇ ಬಗೆಯ ಕೆಲಸವನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಮಾಡುತ್ತದೆ. ಅಫ್ಲಾಟಾಕ್ಸಿನ್ ಕೂಡ ಉಂಗುರಗಳು ಜೋಡಿಕೊಂಡ ಅಣುವೇ ಆದ್ದರಿಂದ ಅದೂ ಈ ಕಿಣ್ವಗಳ ಹಿಡಿತಕ್ಕೆ ಸಿಗುತ್ತದೆ. ಅಡುಗೆಯ ಬಿಸಿಗೆ ಜಗ್ಗದ ಅಣುವೊಂದನ್ನು ಒಂದು ಅಣಬೆ ಮಾಮೂಲಿ ಉಷ್ಣತೆಯಲ್ಲಿ ಒಡೆಯುತ್ತದೆ ಎಂಬುದು ನಿಜಕ್ಕೂ ದೊಡ್ಡ ವಿಷಯ. ಈ ಸಂಶೋಧನೆಯ ಬಗ್ಗೆ ನನಗೆ ಗೌರವವಿದೆ.

ಆದರೆ ಒಡೆದ ಮೇಲೆ ಏನಾಯಿತು ಎಂದು ಕೇಳಬೇಕು. ಅಫ್ಲಾಟಾಕ್ಸಿನ್ ತಾನಾಗಿಯೇ ಅಷ್ಟು ಕೆಡುಕು ಮಾಡುವುದಿಲ್ಲ. ಯಕೃತ್ತು ಅದನ್ನು ಎಪಾಕ್ಸೈಡ್ ಎಂಬ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಹೋಗಿ ನಮ್ಮ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಕ್ಯಾನ್ಸರಿಗೆ ದಾರಿಯಾಗುತ್ತದೆ. 2011ರಲ್ಲಿ ಜಪಾನಿನ ವಿಜ್ಞಾನಿಗಳು ಮರ ಕೊಳೆಸುವ ಒಂದು ಶಿಲೀಂಧ್ರದ ಮ್ಯಾಂಗನೀಸ್ ಪೆರಾಕ್ಸಿಡೇಸನ್ನು ಬೇರ್ಪಡಿಸಿ ಅಫ್ಲಾಟಾಕ್ಸಿನ್ ಮೇಲೆ ಪ್ರಯೋಗಿಸಿದರು. 48 ಗಂಟೆಗಳಲ್ಲಿ ಶೇ 86ರಷ್ಟು ವಿಷ ಕಾಣೆಯಾಯಿತು. ಅವರು ಅಲ್ಲಿಗೆ ನಿಲ್ಲಿಸದೆ, ಉಳಿದ ದ್ರಾವಣಕ್ಕೆ ಡಿಎನ್‌ಎಗೆ ಹಾನಿ ಮಾಡುವ ಗುಣ ಎಷ್ಟಿದೆ ಎಂದೂ ಅಳೆದರು. ಅದು ಇಳಿದದ್ದು ಸುಮಾರು ಶೇ 69ರಷ್ಟು ಮಾತ್ರ. ಆ ಕಿಣ್ವ ಕೂಡ ಮೊದಲು ಅದೇ ಎಪಾಕ್ಸೈಡನ್ನು ಮಾಡಿ, ಆಮೇಲೆ ಅದನ್ನು ನೀರಿನೊಡನೆ ಸೇರಿಸಿ ಸೌಮ್ಯ ರೂಪಕ್ಕೆ ತರುತ್ತದೆ ಎಂದು ತಿಳಿದುಬಂತು. ಯಂತ್ರದಲ್ಲಿ ಅಫ್ಲಾಟಾಕ್ಸಿನ್ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಕಾಳು ನಿರಪಾಯಕಾರಿ ಎನ್ನಲಾಗದು. ಅಣಬೆ ವಿಷವನ್ನು ತಿನ್ನುತ್ತದೆ ಎಂದು ಸಾರುವ ಬರಹಗಳಲ್ಲಿ ಈ ಎರಡನೆಯ ಅಳತೆ ಇದೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಆ ಬರಹವನ್ನು ನಂಬಿ ಹಸುವಿಗೆ ಏನನ್ನೂ ಹಾಕಬೇಡಿ.

ಇದು ಪ್ರಯೋಗಾಲಯದ ಮಾತಾಯಿತು. ನಿಮ್ಮ ಕಣದಲ್ಲಿ ತೊಡಕುಗಳು ಇನ್ನೂ ಹೆಚ್ಚು. ಅಣಬೆ ಬೆಳೆಯುವ ಕಷ್ಟ ನಿಮ್ಮ ಮನೆಯವರಿಗೇ ಗೊತ್ತು: ಹುಲ್ಲನ್ನು ಬಿಸಿನೀರಿನಲ್ಲೋ ಹಬೆಯಲ್ಲೋ ಹದ ಮಾಡದೆ ಬೀಜ ಹಾಕಿದರೆ ಚೀಲ ಹಸಿರಾಗಿ ಕೆಡುತ್ತದೆ. ಬೂಷ್ಟು ಹಿಡಿದ ಕಾಳಿನಲ್ಲಿ ಆಸ್ಪರ್ಜಿಲಸ್ ಆಗಲೇ ಬೇರೂರಿ ಕುಳಿತಿದೆ. ಅಣಬೆ ಹಬ್ಬಲು ಬೇಕಾದ ಶೇ 65ರಷ್ಟು ತೇವವನ್ನು ನೀವು ಆ ಕಾಳಿಗೆ ಕೊಟ್ಟರೆ, ನಿಧಾನವಾಗಿ ಬೆಳೆಯುವ ಅಣಬೆಗಿಂತ ಮೊದಲು ಹಳೆಯ ಬೂಷ್ಟೇ ಮತ್ತೆ ಚಿಗುರುತ್ತದೆ. ವಿಷ ಇಳಿಯುವ ಬದಲು ಏರುತ್ತದೆ. ಮೂವತ್ತು ಕ್ವಿಂಟಲ್ ಕಾಳನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಬೀಜ ಬೆರೆಸಿ, ವಾರಗಟ್ಟಲೆ ಕಾದು, ಮತ್ತೆ ಒಣಗಿಸುವ ವೆಚ್ಚ ಆ ಕಾಳಿನ ಬೆಲೆಯನ್ನು ಮೀರುತ್ತದೆ. ಇಷ್ಟಾದ ಮೇಲೂ ಕಾಳಿನ ಪಿಷ್ಟದ ದೊಡ್ಡ ಭಾಗವನ್ನು ಅಣಬೆಯೇ ತಿಂದಿರುತ್ತದೆ. ಯಾವ ಮೂಲೆಯಲ್ಲಿ ಅಣಬೆ ಹಬ್ಬಿತು, ಯಾವ ಮೂಲೆಯಲ್ಲಿ ಹಬ್ಬಲಿಲ್ಲ ಎಂಬುದು ಪ್ರತಿ ಚೀಲವನ್ನೂ ಪರೀಕ್ಷಿಸದೆ ತಿಳಿಯದು. ಯಾರಾದರೂ ಇಂಥ ಕಾಳಿನ ಮೇಲೆ ಅಣಬೆ ಬೆಳೆದಿದ್ದರೆ ಆ ಅಣಬೆಯನ್ನು ಮಾರುವುದಾಗಲಿ ತಿನ್ನುವುದಾಗಲಿ ಬೇಡ.

ಯೀಸ್ಟ್ ಹಾಕಿ ಹುದುಗಿಸಿದರೆ ಹೇಗೆ ಎಂದೂ ಕೆಲವರು ಕೇಳುತ್ತಾರೆ. ಯೀಸ್ಟ್ ಕೂಡ ಶಿಲೀಂಧ್ರವೇ, ಆದರೆ ಅದರ ಹುದುಗುವಿಕೆ ಅಫ್ಲಾಟಾಕ್ಸಿನ್ನನ್ನು ಒಡೆಯುವುದಿಲ್ಲ. ಮೆಕ್ಕೆಜೋಳದಿಂದ ಎಥೆನಾಲ್ ತೆಗೆಯುವ ಕಾರ್ಖಾನೆಗಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಯೀಸ್ಟ್ ಪಿಷ್ಟವನ್ನೆಲ್ಲ ಮದ್ಯಸಾರವಾಗಿ ಮಾಡಿ ಮುಗಿಸುತ್ತದೆ, ವಿಷ ಮಾತ್ರ ಉಳಿದ ಗಷ್ಟಿನಲ್ಲಿ ಸುಮಾರು ಮೂರು ಪಟ್ಟು ದಟ್ಟವಾಗುತ್ತದೆ. ಆ ಗಷ್ಟನ್ನು ಒಣಗಿಸಿ ಡಿಡಿಜಿಎಸ್ ಎಂಬ ಹೆಸರಿನಲ್ಲಿ ದನಗಳಿಗೆ, ಕೋಳಿಗಳಿಗೆ ಮಾರುತ್ತಾರೆ. ಪ್ರೋಟೀನ್ ಹೆಚ್ಚು, ಬೆಲೆ ಕಡಿಮೆ ಎಂದು ಅದನ್ನು ಕೊಳ್ಳುವವರು ಅಫ್ಲಾಟಾಕ್ಸಿನ್ ಪರೀಕ್ಷೆಯ ವರದಿಯನ್ನು ಕೇಳಿಯೇ ಕೊಳ್ಳಬೇಕು. ಚಳ್ಳಕೆರೆ ಕಡೆಯ ಗಾಣಗಳಿಂದ ತರುವ ಶೇಂಗಾ ಹಿಂಡಿಗೂ ಇದೇ ಮಾತು. ಎಣ್ಣೆ ತೆಗೆದಾಗ ವಿಷದ ಬಹುಭಾಗ ಹಿಂಡಿಯಲ್ಲೇ ನಿಲ್ಲುತ್ತದೆ.

ಹಾಗಾದರೆ ಶಿಲೀಂಧ್ರದಿಂದ ವಿಷ ಒಡೆಸುವ ದಾರಿ ಎಲ್ಲಿಯವರೆಗೆ ಬಂದಿದೆ? ಬೇರೆ ವಿಷಗಳ ವಿಷಯದಲ್ಲಿ ಸಾಕಷ್ಟು ಮುಂದೆ ಬಂದಿದೆ. 2004ರಲ್ಲಿ ಆಸ್ಟ್ರೇಲಿಯಾ ಮೂಲದ ಒಂದು ಗೆದ್ದಲಿನ ಕರುಳಿನಿಂದ ಪಡೆದ ಯೀಸ್ಟ್ ಓಕ್ರಾಟಾಕ್ಸಿನ್ ಮತ್ತು ಜಿಯರಲೆನೋನ್ ಎಂಬ ಎರಡು ವಿಷಗಳನ್ನು ಒಡೆಯುತ್ತದೆ ಎಂದು ತೋರಿಸಿದರು. ಜಿಯರಲೆನೋನ್ ಹೆಣ್ಣು ಹಾರ್ಮೋನಿನಂತೆ ವರ್ತಿಸಿ ಹಸು, ಹಂದಿಗಳ ಬೆದೆಯ ಕ್ರಮವನ್ನು ಕೆಡಿಸುವ ವಿಷ. ಮಣ್ಣಿನಲ್ಲಿರುವ ಕ್ಲೋನೋಸ್ಟಾಕಿಸ್ ರೋಸಿಯಾ ಎಂಬ ಶಿಲೀಂಧ್ರವೂ ಅದರ ಉಂಗುರವನ್ನು ಕತ್ತರಿಸುತ್ತದೆ. ಫ್ಯುಮೋನಿಸಿನ್ ಒಡೆಯುವ ಒಂದು ಕಿಣ್ವಕ್ಕೆ ಯುರೋಪಿನಲ್ಲಿ 2014ರಲ್ಲಿ ಹಂದಿಗಳ ಆಹಾರದಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು. ಅದರ ಮೂಲ ಜೀನ್ ಬ್ಯಾಕ್ಟೀರಿಯಾದ್ದು. ಯೀಸ್ಟಿನೊಳಗೆ ಅದನ್ನು ಸೇರಿಸಿ ಕಿಣ್ವವನ್ನು ತಯಾರಿಸುತ್ತಾರೆ. ಇಲ್ಲೆಲ್ಲ ಪಶುವಿನ ಬಾಯಿಗೆ ಹೋಗುವುದು ಅಳತೆ ಮಾಡಿ, ಪರೀಕ್ಷಿಸಿ, ಪುಡಿ ಮಾಡಿದ ಪದಾರ್ಥ. ಕಾಳಿನ ಮೇಲೆ ಬೆಳೆದ ಅಣಬೆಯಲ್ಲ. ಒಂದು ವಿಷಕ್ಕೆ ಆಗುವ ಕಿಣ್ವ ಇನ್ನೊಂದಕ್ಕೂ ಆಗುತ್ತದೆ ಎನ್ನಲಾಗದು ಎಂಬುದೂ ನೆನಪಿರಲಿ. ಒಂದೇ ರಾಶಿಯಲ್ಲಿ ಎರಡು ವಿಷಗಳಿರಬಹುದು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಈಗ ನಿಮ್ಮ ಮೂವತ್ತು ಕ್ವಿಂಟಲಿನ ಮಾತು. ಮೊದಲು ಒಣಗಿಸಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಣಗಿದ ಕಾಳನ್ನು ಜರಡಿ ಹಿಡಿದು, ತೂರಿ, ಪುಡಿ, ಒಡಕು, ಹುಳು ಕೊರೆದದ್ದು, ಬಣ್ಣಗೆಟ್ಟದ್ದು ಎಲ್ಲವನ್ನೂ ಬೇರೆ ಮಾಡಿ. ವಿಷದ ಬಹುಪಾಲು ಇರುವುದು ಆ ಕಾಳುಗಳಲ್ಲೇ. ಬೇಸರದ ಕೆಲಸ, ಆದರೆ ಮನೆಯಲ್ಲಿ ಮಾಡಬಹುದಾದ ಯಾವ ಉಪಾಯವೂ ಇದರಷ್ಟು ವಿಷವನ್ನು ಇಳಿಸದು. ಬೇರೆ ಮಾಡಿದ್ದನ್ನು ಕೋಳಿಗೆ ಹಾಕೋಣ ಎನ್ನುವ ಯೋಚನೆ ಬೇಡವೇ ಬೇಡ. ಕೋಳಿಮರಿ, ಬಾತುಮರಿಗಳು ಈ ವಿಷಕ್ಕೆ ದನಗಳಿಗಿಂತ ಬೇಗ ಬಲಿಯಾಗುತ್ತವೆ.

ಆಮೇಲೆ ಪರೀಕ್ಷೆ ಮಾಡಿಸಿ. ಒಂದು ಹಿಡಿ ಕಾಳು ಕಳುಹಿಸಿದರೆ ಪ್ರಯೋಜನವಿಲ್ಲ. ಸಾವಿರ ಕಾಳಿನಲ್ಲಿ ಕೆಲವೇ ಕಾಳು ವಿಪರೀತ ವಿಷ ತುಂಬಿಕೊಂಡಿರುತ್ತವೆ. ನಿಮ್ಮ ಹಿಡಿಯಲ್ಲಿ ಅವು ಬಾರದಿದ್ದರೆ ವರದಿ ಚೆನ್ನಾಗಿಯೇ ಬರುತ್ತದೆ. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು ಐದು ಕೆಜಿ ಮಾಡಿ, ಅಷ್ಟನ್ನೂ ನುಚ್ಚು ಮಾಡಿಸಿ, ಚೆನ್ನಾಗಿ ಕಲಸಿ, ಅದರಿಂದ ಅರ್ಧ ಕೆಜಿ ಕಳುಹಿಸಿ. ಎಲ್ಲಿಗೆ ಕಳುಹಿಸಬೇಕೆಂದು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆಯನ್ನೂ, ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯನ್ನೂ ಕೇಳಬಹುದು. ನೇರಳಾತೀತ (ಯುವಿ) ದೀಪದಡಿ ಕಾಳು ಹಸಿರು ಹಳದಿಯಾಗಿ ಹೊಳೆಯುವುದನ್ನು ನೋಡಿ ವಿಷ ಹೇಳುವವರೂ ಇದ್ದಾರೆ. ಆ ಹೊಳಪು ಬರುವುದು ಶಿಲೀಂಧ್ರ ಮಾಡುವ ಕೋಜಿಕ್ ಆಮ್ಲದಿಂದ. ಅನುಮಾನ ಹುಟ್ಟಿಸಲು ಅಷ್ಟು ಸಾಕು, ತೀರ್ಮಾನಕ್ಕೆ ಸಾಲದು.

ವರದಿಯಲ್ಲಿ 20 ಪಿಪಿಬಿಗಿಂತ ಕಡಿಮೆ ಬಂದರೆ ಕರೆಯುವ ಹಸುಗಳಿಗೂ ಕೊಡಬಹುದು. ಅದನ್ನು ಮೀರಿದರೆ ಕರೆಯುವ ಹಸು, ಗಬ್ಬದ ಹಸು, ಕರುಗಳಿಗೆ ಬೇಡ. ಅಮೆರಿಕದಲ್ಲಿ ತಳಿ ದನಗಳಿಗೆ 100, ಮಾಂಸಕ್ಕಾಗಿ ಕೊನೆಯ ಹಂತದಲ್ಲಿ ಕೊಬ್ಬಿಸುವ ದನಗಳಿಗೆ 300 ಪಿಪಿಬಿವರೆಗೆ ಬಿಡುತ್ತಾರೆ. ನಿಮ್ಮಲ್ಲಿ ಉಳುವ ಎತ್ತುಗಳಿದ್ದರೆ ಪಶುವೈದ್ಯರ ಸಲಹೆಯಂತೆ ಒಳ್ಳೆಯ ಕಾಳಿನೊಡನೆ ಸ್ವಲ್ಪ ಪ್ರಮಾಣದಲ್ಲಿ ಬೆರೆಸಿ ಕೊಡುವ ಯೋಚನೆ ಮಾಡಬಹುದು. ಹಾಗೆ ಕೊಡುವಾಗ ಮೇವಿಗೆಂದೇ ಸಿದ್ಧಪಡಿಸಿದ ಬೆಂಟೊನೈಟ್ ಜೇಡಿಯನ್ನು ಸೇರಿಸಿ. ಅದು ಹೊಟ್ಟೆಯಲ್ಲಿ ಅಫ್ಲಾಟಾಕ್ಸಿನ್ನನ್ನು ಹಿಡಿದುಕೊಂಡು ಸಗಣಿಯಲ್ಲಿ ಹೊರಹಾಕುತ್ತದೆ. ಯುರೋಪಿನ ನಿಯಮದಲ್ಲಿ ಇದರ ಗರಿಷ್ಠ ಪ್ರಮಾಣ ಒಟ್ಟು ಆಹಾರದ ಶೇ 2. ವಿದ್ಯುತ್ ಅರ್ಥಿಂಗ್ ಗುಂಡಿಗೆ ಹಾಕುವ ಬೆಂಟೊನೈಟ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ, ಅದನ್ನು ತರಬೇಡಿ. ಫ್ಯುಮೋನಿಸಿನ್ ಮೇಲೆ ಜೇಡಿಯ ಹಿಡಿತ ಕಡಿಮೆ. ಇನ್ನು 300ನ್ನೂ ಮೀರಿದ ಕಾಳು ಗೊಬ್ಬರದ ಗುಂಡಿಗೇ ಹೋಗಲಿ. ಆ ನಷ್ಟ ಎಷ್ಟು ನೋಯಿಸುತ್ತದೆ ಎಂಬುದು ನನಗೆ ಗೊತ್ತು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಶಿಲೀಂಧ್ರದಿಂದ ಶಿಲೀಂಧ್ರವನ್ನು ಎದುರಿಸುವ ಮಾತಿನಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಹೊಲದಲ್ಲಿ. ಆಸ್ಪರ್ಜಿಲಸ್ ಫ್ಲೇವಸ್‌ನಲ್ಲೇ ವಿಷ ತಯಾರಿಸಲಾಗದ ತಳಿಗಳು ಮಣ್ಣಿನಲ್ಲಿ ಸಹಜವಾಗಿ ಇವೆ. ಅಮೆರಿಕದ ಅರಿಜೋನಾದಲ್ಲಿ ಹತ್ತಿಗೆ, ಆಫ್ರಿಕಾದ ಹಲವು ದೇಶಗಳಲ್ಲಿ ಮೆಕ್ಕೆಜೋಳ ಮತ್ತು ಶೇಂಗಾಕ್ಕೆ ಇಂಥ ತಳಿಗಳನ್ನು ಬಳಸುತ್ತಿದ್ದಾರೆ. ಮೊಳೆಯದಂತೆ ಹುರಿದ ಜೋಳದ ಕಾಳಿಗೆ ಆ ತಳಿಯ ಬೀಜಕಣಗಳನ್ನು ಲೇಪಿಸಿ, ಬೆಳೆ ಹೂ ಬಿಡುವ ಎರಡು ಮೂರು ವಾರ ಮೊದಲು ಹೆಕ್ಟೇರಿಗೆ ಹತ್ತು ಕೆಜಿಯಂತೆ ಎರಚುತ್ತಾರೆ. ಅವು ಮೊದಲೇ ಹಬ್ಬಿ ಜಾಗ ಹಿಡಿಯುವುದರಿಂದ ವಿಷದ ತಳಿಗಳಿಗೆ ನೆಲೆ ಸಿಗುವುದಿಲ್ಲ. ಆಯಾ ನಾಡಿನ ಮಣ್ಣಿನಿಂದಲೇ ಆರಿಸಿದ ತಳಿಗಳು ಇದಕ್ಕೆ ಬೇಕು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಮಣ್ಣಿನಿಂದ ಇಂಥ ತಳಿಗಳನ್ನು ಆರಿಸಿ ಕೊಡಿ ಎಂದು ರೈತ ಸಂಘಗಳು ಕೃಷಿ ವಿಶ್ವವಿದ್ಯಾಲಯಗಳನ್ನು ಒತ್ತಾಯಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ ಶೇಂಗಾ ಬೆಳೆಯುವವರು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಿ, ಜಿಪ್ಸಂ ಕೊಟ್ಟು, ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಸಾಧ್ಯವಾದರೆ ಒಂದು ನೀರು ಕೊಡಲಿ. ಆ ಹೊತ್ತಿನ ಬರ ಮತ್ತು ನೆಲದ ಕಾವೇ ಶೇಂಗಾದಲ್ಲಿ ಈ ವಿಷಕ್ಕೆ ದೊಡ್ಡ ಕಾರಣ.

ಮೆಕ್ಕೆಜೋಳದಲ್ಲಿ ಒಣಗಿಸುವುದೇ ಮುಖ್ಯ. ತೇವ ಶೇ 13ಕ್ಕಿಂತ ಕೆಳಗಿಳಿಯುವ ಮೊದಲು ಚೀಲ ತುಂಬಬೇಡಿ. ತೇವದ ರಾಶಿಯ ಮೇಲೆ ತಾಡಪಾಲು ಹೊದಿಸಿ ದಿನಗಟ್ಟಲೆ ಬಿಟ್ಟರೆ ಒಳಗೆ ಕಾವು ಏರಿ ಬೆವರುತ್ತದೆ. ಮಳೆ ನಿಂತ ಕೂಡಲೇ ತೆಗೆದು ಹರಡಿ. ತೇವ ಅಳೆಯುವ ಯಂತ್ರ ಇಲ್ಲದವರು ಒಣಗಿದ ಗಾಜಿನ ಬಾಟಲಿಯಲ್ಲಿ ಕಾಳಿನೊಡನೆ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಲಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಶೇ 15ಕ್ಕಿಂತ ಹೆಚ್ಚು ತೇವವಾಗಿದೆ.

ನಿಮ್ಮ ಎರಡನೆಯ ಪ್ರಶ್ನೆ, ಅಣಬೆ ಕೊಯ್ದ ಮೇಲಿನ ಹುಲ್ಲು. ಇಲ್ಲಿ ಅಣಬೆ ನಿಮಗೆ ನೆರವಾಗಬಲ್ಲದು. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಹಿಂದೆ ಯೂರಿಯಾ ಉಪಚರಿಸಿದ ಹುಲ್ಲಿನ ಮೇಲೆ ಕೊಪ್ರಿನಸ್ ಎಂಬ ಅಣಬೆಯನ್ನು ಬೆಳೆಸಿ ಮೇವಿನ ಪ್ರೋಟೀನ್ ಹೆಚ್ಚಿಸುವ ವಿಧಾನ ರೂಪಿಸಿದ್ದರು. ಹುಲ್ಲಿನ ಒಣಪದಾರ್ಥದ ಒಂದು ಪಾಲನ್ನು ಅಣಬೆಯೇ ತಿಂದುಬಿಡುತ್ತದೆ ಎಂಬುದು ಅದರ ದೌರ್ಬಲ್ಯ. ನಿಮ್ಮಲ್ಲಿ ಅಣಬೆಯ ಆದಾಯ ಆಗಲೇ ಬಂದಿರುವುದರಿಂದ ಆ ನಷ್ಟದ ಚಿಂತೆಯಿಲ್ಲ. ಆದರೆ ಹುಲ್ಲನ್ನು ಹೇಗೆ ಹದ ಮಾಡಿದ್ದರು ಎಂದು ಮನೆಯವರನ್ನು ಕೇಳಿ. ಬಿಸಿನೀರು ಅಥವಾ ಹಬೆಯಲ್ಲಿ ಮಾಡಿದ್ದರೆ, ಹಸಿರು ಬೂಷ್ಟು ಕಾಣದ ಚೀಲಗಳನ್ನು ಮಾತ್ರ ಆರಿಸಿ, ಅಂದೇ ಬಿಚ್ಚಿ, ಪ್ಲಾಸ್ಟಿಕ್ಕು, ದಾರ ಏನೂ ಉಳಿಯದಂತೆ ತೆಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಮೊದಲ ವಾರ ಒಂದು ಹಿಡಿಯಿಂದ ಶುರುಮಾಡಿ, ಒಣಮೇವಿನ ಕಾಲು ಭಾಗದವರೆಗೆ ಏರಿಸಬಹುದು. ಫಾರ್ಮಾಲಿನ್ ಮತ್ತು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ನೆನೆಸಿದ ಹುಲ್ಲಾಗಿದ್ದರೆ ದನಕ್ಕೆ ಹಾಕದೆ ಎರೆಗೊಬ್ಬರದ ತೊಟ್ಟಿಗೋ ತಿಪ್ಪೆಗೋ ಹಾಕಿ. ಮುಂದಿನ ಸಲ ಹಬೆಯಲ್ಲಿ ಹದ ಮಾಡಿದರೆ ಅದೇ ಹುಲ್ಲು ಮೇವಾಗಿಯೂ ಸಿಗುತ್ತದೆ.